ಗಾಳಿ ಬಂದ ದಿನದ ಹಾಜರಿ

ಪ್ರತಿಮಾಳ ಹೆಸರು ದಿನವೂ ಅವಳಿಗಿಂತ ಮೊದಲೇ ಆಫೀಸು ಸೇರುತ್ತಿತ್ತು. ಅವಳು ಇನ್ನೂ ಶರಾವತಿ ಹಿನ್ನೀರಿನ ನಟ್ಟನಡುವೆ, ಲಾಂಚಿನ ಕಬ್ಬಿಣದ ಕಂಬಿಗೆ ಒರಗಿ, ತಲೆಗೂದಲು ಹಾರದ ಹಾಗೆ ಸೆರಗು ಹೊದ್ದು ನಿಂತಿರುತ್ತಿದ್ದಳು. ಅಷ್ಟರಲ್ಲೇ ಸಾಗರದ ಆ ಖಾಸಗಿ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಪ್ರತಿಮಾ ಬಂದು ಕುಳಿತಿದ್ದಾಳೆ ಎಂದು ದಾಖಲಾಗಿರುತ್ತಿತ್ತು. ಒಂದೇ ಹೊತ್ತಿಗೆ ಎರಡು ಕಡೆ ಇರುವ ವಿದ್ಯೆ ದೇವರುಗಳಿಗೆ ಮಾತ್ರ ಗೊತ್ತು ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ತುಮರಿ ಕಡೆಯ ಈ ಹೆಣ್ಣುಮಗಳು ಅದನ್ನು ವರ್ಷಾನುಗಟ್ಟಲೆ ಸಲೀಸಾಗಿ ಮಾಡಿಕೊಂಡು ಬಂದಿದ್ದಳು.

ಇದರಲ್ಲಿ ಮಾಯಮಂತ್ರ ಏನೂ ಇರಲಿಲ್ಲ. ಆ ಆಸ್ಪತ್ರೆಯಲ್ಲಿ ಮೊದಲು ಹೆಬ್ಬೆರಳು ಒತ್ತುವ ಹಾಜರಿ ಯಂತ್ರವಿತ್ತು. ಅಡಿಕೆ ಸುಲಿಯುವ ಕಾಲ ಬಂತೆಂದರೆ ಅದು ಅರ್ಧಕ್ಕರ್ಧ ಹೆಂಗಸರನ್ನು ಗುರುತೇ ಹಿಡಿಯುತ್ತಿರಲಿಲ್ಲ. ಬಿಲ್ ಬರೆಯುವವಳು, ಔಷಧಿ ಕೊಡುವವಳು, ಲ್ಯಾಬಿನವಳು ಎಲ್ಲರೂ ಮನೆಯದೋ ನೆರೆಯವರದೋ ಅಡಿಕೆಗೆ ಮೆಟ್ಟುಗತ್ತಿಯ ಮುಂದೆ ಕೂತು ಬಂದವರೇ. ಬೆರಳಿನ ಗೆರೆಯೆಲ್ಲ ಅಡಿಕೆಯ ಚೊಗರಿನಲ್ಲಿ ಕಪ್ಪಾಗಿ ಮುಚ್ಚಿಹೋಗಿರುತ್ತಿತ್ತು. ಯಂತ್ರ "ಮತ್ತೊಮ್ಮೆ ಪ್ರಯತ್ನಿಸಿ" ಎನ್ನುವುದು, ಇವರು ಬೆರಳನ್ನು ಸೀರೆಗೆ ಒರೆಸಿ ಒರೆಸಿ ಒತ್ತುವುದು, ಹಿಂದೆ ಸಾಲು ಬೆಳೆಯುವುದು. ಕೊನೆಗೆ ಆಡಳಿತ ನೋಡಿಕೊಳ್ಳುತ್ತಿದ್ದ ಗಿರಿಧರ ಹೆಗಡೆಯವರಿಗೆ ಸಿಟ್ಟು ಬಂದು, ಆ ಯಂತ್ರವನ್ನು ಗೋಡೆಯಿಂದ ಕೀಳಿಸಿ ಹೊಸ ಕಾನೂನು ಮಾಡಿದರು. ಕಂಪ್ಯೂಟರ್ ಮುಂದೆ ಕೂರುವವರೆಲ್ಲ ಬಂದ ಕೂಡಲೇ ತಮ್ಮ ಹೆಸರು, ಪಾಸ್‌ವರ್ಡ್ ಹಾಕಿ ಲಾಗಿನ್ ಆಗಬೇಕು. ಲಾಗಿನ್ ಆದ ಹೊತ್ತೇ ಹಾಜರಿ. ತಡವಾದರೆ ಅರ್ಧ ದಿನದ ರಜೆ ಕಡಿತ.

ಕಾನೂನು ಮಾಡುವವರಿಗೆ ಲಾಂಚಿನ ಕಷ್ಟ ಗೊತ್ತಿರುವುದಿಲ್ಲ. ಸೇತುವೆ ಆಗಿನ್ನೂ ಮುಗಿದಿರಲಿಲ್ಲ. ಬರೀ ಕಂಬಗಳು ನೀರಿನಲ್ಲಿ ನಿಂತು, ಬೇಕಾದರೆ ಈಜಿಕೊಂಡು ಹೋಗಿ ಎಂಬಂತೆ ನೋಡುತ್ತಿದ್ದವು. ಕಳಸವಳ್ಳಿ ದಡದಲ್ಲಿ ಬಸ್ಸು, ಜೀಪು, ಸಿಗಂದೂರಿಗೆ ಬಂದ ಯಾತ್ರಿಕರ ಕಾರು ಎಲ್ಲವೂ ಲಾಂಚಿಗಾಗಿ ಕಾದು ನಿಂತಿರುತ್ತಿದ್ದವು. ಮಂಜು ಮುಸುಕಿದರೆ ತಡ, ಗಾಳಿ ಎದ್ದರೆ ತಡ. ಆಚೆ ದಡ ಮುಟ್ಟಿ, ಮತ್ತೆ ಬಸ್ಸು ಹಿಡಿದು ಸಾಗರ ತಲುಪುವಷ್ಟರಲ್ಲಿ ಆಸ್ಪತ್ರೆಯಲ್ಲಿ ಒಂದು ಸುತ್ತು ಚಹಾ ಮುಗಿದಿರುತ್ತಿತ್ತು. ಹಾಗಾಗಿ ಊರೊಳಗೇ ಮನೆಯಿದ್ದ ವರದಾ, ಔಷಧಿ ವಿಭಾಗದ ಬಿಲ್ ಬರೆಯುವವಳು, ಬೆಳಿಗ್ಗೆ ಮೊದಲು ಬಂದು ತನ್ನದರ ಜೊತೆ ಇನ್ನು ನಾಲ್ಕು ಜನರದ್ದೂ ಲಾಗಿನ್ ಮಾಡಿಡುತ್ತಿದ್ದಳು. ಹೆಸರಿನ ಪಕ್ಕ ಪರದೆಯಲ್ಲಿ ಹಸಿರು ಚುಕ್ಕೆಯೊಂದು ಹೊತ್ತಿಕೊಳ್ಳುತ್ತಿತ್ತು. ಅದಕ್ಕೇ ಅವರೆಲ್ಲ ಇದನ್ನು "ದೀಪ ಹಚ್ಚೋದು" ಎನ್ನುತ್ತಿದ್ದರು. "ವರದಾ, ಇವತ್ತು ಬಸ್ಸು ಕೈಕೊಡ್ತು ಮಾರಾಯ್ತಿ, ನನ್ ದೀಪ ಹಚ್ಚಿಡು" ಅಂದರೆ ಸಾಕು. ಉಪಕಾರವೆಂದರೆ ಉಪಕಾರ, ಕಳ್ಳತನವೆಂದರೆ ಕಳ್ಳತನ. ಆದರೆ ಹತ್ತು ಜನ ಸೇರಿ ನಗುನಗುತ್ತ ಮಾಡಿದ್ದನ್ನು ಯಾರೂ ಕಳ್ಳತನ ಎಂದು ಕರೆಯುವುದಿಲ್ಲ.

ಗಿರಿಧರ ಹೆಗಡೆಯವರ ತೋಟ ಹೊಸನಗರದ ಕಡೆ ಇತ್ತು. ಅವರೂ ಬೇಗ ಬರುವ ಗಿರಾಕಿಯಲ್ಲ. ಮೇಲಿನ ಟ್ರಸ್ಟಿನವರು ಕೇಳಬಾರದೆಂದು ಅವರ ದೀಪವನ್ನೂ ವರದಾಳೇ ಹಚ್ಚುತ್ತಿದ್ದಳು. ಅವರಿಬ್ಬರೂ ದೂರದ ಸಂಬಂಧಿಕರು.

ಪ್ರತಿಮಾಳ ವಿಷಯದಲ್ಲಿ ವಿಚಿತ್ರವೇನೆಂದರೆ, ಈ ಹಾಜರಿಯನ್ನು ಕಾಯುವ ಕೆಲಸವೂ ಅವಳದೇ ಆಗಿತ್ತು. ಅವಳಿಗೆ ಲ್ಯಾಬಿನ ವರದಿಗಳನ್ನು ಟೈಪ್ ಮಾಡುವ ಕೆಲಸ. ಆದರೆ ಸಾಗರದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದಿದವಳೆಂದು, ಶಿವಮೊಗ್ಗದಿಂದ ಬಂದು ಲಿನಕ್ಸ್ ಸರ್ವರ್ ಕೂರಿಸಿದ ಎಂಜಿನಿಯರು ಅದರ ಮುಖ್ಯ ಪಾಸ್‌ವರ್ಡನ್ನು ಅವಳ ಕೈಗೇ ಕೊಟ್ಟು ಹೋಗಿದ್ದ. ಯಾರು ಒಳಗೆ ಬಂದರು, ಯಾವಾಗ ಬಂದರು, ಯಾವ ಯಂತ್ರದಿಂದ ಬಂದರು, ಯಾರು ತಪ್ಪು ಪಾಸ್‌ವರ್ಡ್ ಹೊಡೆದು ಬಾಗಿಲಲ್ಲೇ ನಿಂತರು, ಎಲ್ಲವನ್ನೂ ಆ ಸರ್ವರ್ ತನ್ನ ಲಾಗ್ ಕಡತದಲ್ಲಿ ಸಾಲುಸಾಲಾಗಿ ಬರೆದಿಡುತ್ತಿತ್ತು. ಹಳೆ ಸಾಲುಗಳು ಕೆಲವೇ ವಾರಕ್ಕೆ ಅಳಿಸಿಹೋಗುತ್ತಿದ್ದವು. ಪ್ರತಿಮಾ ಅದನ್ನು ವರ್ಷವಿಡೀ ಉಳಿಯುವಂತೆ ಮಾಡಿದಳು. ಒಂದು ಮಳೆಗಾಲ ಸಿಡಿಲು ಬಡಿದು ಯಂತ್ರ ಸುಟ್ಟ ಮೇಲೆ, ಪ್ರತಿ ಸಾಲಿನ ನಕಲು ಅದೇ ಕ್ಷಣ ಶಿವಮೊಗ್ಗದ ಇನ್ನೊಂದು ಯಂತ್ರಕ್ಕೂ ಹೋಗುವ ಏರ್ಪಾಡು ಮಾಡಿದಳು. ಎಂಜಿನಿಯರು ಫೋನಿನಲ್ಲೇ ಶಹಬ್ಬಾಸ್ ಎಂದಿದ್ದ. ಅವಳಿಗೂ ಹೆಮ್ಮೆಯಾಗಿತ್ತು, ಆಗಬೇಕಾದದ್ದೇ.

ತಿಂಗಳ ಕೊನೆಯಲ್ಲಿ ಆ ಲಾಗ್ ಕಡತದಿಂದ ಹಾಜರಿ ಪಟ್ಟಿ ತೆಗೆಯುವಾಗ ಅವಳಿಗೆ ಎಲ್ಲವೂ ಕಾಣುತ್ತಿತ್ತು. ಐದಾರು ಜನರ ಹೆಸರು ವರದಾಳ ಯಂತ್ರದಿಂದಲೇ ಒಂದರ ಬೆನ್ನಿಗೆ ಒಂದು ಒಳಬಂದಿರುತ್ತಿತ್ತು. ಅದರಲ್ಲಿ ಒಂದು ಅವಳದೇ ಹೆಸರು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ ಅಂತ ಅವಳಿಗೆ ಆಗಾಗ ಅನ್ನಿಸುತ್ತಿತ್ತು. ಅನ್ನಿಸಿದಾಗೆಲ್ಲ ಯಂತ್ರದ ಹೆಸರಿರುವ ಕಾಲಂ ಅನ್ನು ಪಟ್ಟಿಯಿಂದ ಮರೆಮಾಡಿ, ಹೊತ್ತು ಮಾತ್ರ ಉಳಿಸಿ, ಅಚ್ಚು ಹಾಕಿ ಕೊಡುತ್ತಿದ್ದಳು.

ಆ ಕೆಲಸ ಅವಳ ಮನೆಗೆ ಎಷ್ಟು ಮುಖ್ಯ ಎಂದು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಅವಳ ಗಂಡ ನಾಗೇಂದ್ರ ಕಳಸವಳ್ಳಿ ದಡದಿಂದ ಹಳ್ಳಿಗಳಿಗೆ ಜೀಪು ಓಡಿಸುತ್ತಿದ್ದ. ಸೇತುವೆ ಆದ ಮೇಲೆ ಆ ಜೀಪಿಗೆ ಯಾರು ಹತ್ತುತ್ತಾರೆ ಎಂಬುದು ಅವನಿಗೇ ಗೊತ್ತಿರಲಿಲ್ಲ. ಅತ್ತೆ ಕೆರಿಯಮ್ಮ, ಅಣೆಕಟ್ಟಿನ ಮುಳುಗಡೆಯಲ್ಲಿ ಹೊಲ ಕಳೆದುಕೊಂಡು ಎತ್ತರದ ಕಾಡಿಗೆ ಬಂದು ಕೂತ ದೀವರ ಮನೆತನದ ಹೆಂಗಸು, ಬಾಯಿ ಬಿರುಸು, ಮನಸ್ಸು ಮೆತ್ತಗೆ. "ನಮ್ ಮನೇಲಿ ಗೇಣಿ ಅಳೆದವ್ರೇ ಎಲ್ಲ, ಕುರ್ಚಿ ಮೇಲೆ ಕೂತು ತಿಂದವ್ಳು ನಮ್ ಸೊಸೆ ಒಬ್ಳೇ" ಎಂದು ಲಾಂಚಿನಲ್ಲಿ ಅಪರಿಚಿತರಿಗೂ ಹೇಳಿಬಿಡುತ್ತಿದ್ದಳು. ಪ್ರತಿಮಾ ನಾಚಿ ಬೇರೆ ಕಡೆ ನೋಡುತ್ತಿದ್ದಳು. ಆದರೆ ಆ ಮಾತು ಅವಳಿಗೆ ಹಿತವಾಗಿಯೇ ಇತ್ತು.

ದಸರಾ ಕಳೆದ ಒಂದು ಬೆಳಿಗ್ಗೆ ಲಾಂಚಿನಲ್ಲಿ ಲಿಖಿತಾ ಸಿಕ್ಕಿದಳು. ಪಕ್ಕದ ಕೇರಿಯ ಬೆಳ್ಳಮ್ಮನ ಸೊಸೆ, ತವರು ತೀರ್ಥಹಳ್ಳಿ, ಚೊಚ್ಚಲ ಬಸುರಿ, ಏಳನೆಯ ತಿಂಗಳು ಹಿಡಿದಿತ್ತು.

"ಪ್ರತಿಮಕ್ಕಾ, ಒಂದು ಕೇಳ್ಲಾ? ನೀವು ಕೊಟ್ಟ ಕಾರ್ಡಲ್ಲಿ ನನ್ ರಕ್ತ ಓ ಪಾಸಿಟಿವ್ ಅಂತ ಇದೆ. ನಾನು ತೀರ್ಥಳ್ಳಿ ಕಾಲೇಜಲ್ಲಿದ್ದಾಗ ಕ್ಯಾಂಪಲ್ಲಿ ನೆಗೆಟಿವ್ ಅಂದಿದ್ರು. ಮದುವೆ ಆದ್ಮೇಲೆ ರಕ್ತಾನೂ ಬದಲಾಗ್ತದಾ?"

ಇಬ್ಬರೂ ನಕ್ಕರು. "ಕ್ಯಾಂಪಿನವ್ರು ಅವಸರದಲ್ಲಿ ಬರ್ದಿರ್ತಾರೆ. ನೋಡ್ತೀನಿ ಬಿಡು" ಎಂದಳು ಪ್ರತಿಮಾ.

ಆಸ್ಪತ್ರೆಗೆ ಹೋಗಿ ಹಳೆ ವರದಿ ತೆರೆದಳು. ಓ ಪಾಸಿಟಿವ್. ಟೈಪ್ ಮಾಡಿದವರು: ಪ್ರತಿಮಾ. ತಾರೀಕು ನೋಡಿದಳು. ಮೊದಲು ಏನೂ ಹೊಳೆಯಲಿಲ್ಲ. ಹೊಳೆದಾಗ ಕುರ್ಚಿಯಲ್ಲಿ ನೇರವಾಗಿ ಕೂತಳು. ಅದು ಮಳೆ ಹಿಡಿದ ಹೊಸತರಲ್ಲಿ ಭಾರಿ ಗಾಳಿ ಬಂದ ದಿನ. ಅವತ್ತು ಹಿನ್ನೀರಿನಲ್ಲಿ ಸಮುದ್ರದ ಹಾಗೆ ಅಲೆ ಎದ್ದು, ಲಾಂಚು ದಡ ಬಿಟ್ಟಿರಲೇ ಇಲ್ಲ. ಅವಳು ಮಧ್ಯಾಹ್ನದವರೆಗೆ ದಡದಲ್ಲಿ ಕಾದು, ಒದ್ದೆ ಮುದ್ದೆಯಾಗಿ ಮನೆಗೆ ವಾಪಸು ಬಂದಿದ್ದಳು. ಕೆರಿಯಮ್ಮ ತಲೆ ಒರೆಸಿ, ಬಿಸಿ ಗಂಜಿಗೆ ತುಪ್ಪ ಹಾಕಿ ಕೊಟ್ಟಿದ್ದಳು. ಲಾಗ್ ಪ್ರಕಾರ ಅವತ್ತು ಪ್ರತಿಮಾ ಬೆಳಿಗ್ಗೆಯಿಂದ ಸಂಜೆವರೆಗೆ ಆಸ್ಪತ್ರೆಯಲ್ಲಿದ್ದಳು.

ವರದಾಳನ್ನು ಔಷಧಿ ಗೋದಾಮಿನ ಮೂಲೆಗೆ ಕರೆದು ಕೇಳಿದಳು. ವರದಾ ನೆನಪು ಮಾಡಿಕೊಳ್ಳಲು ಕಷ್ಟಪಡಲಿಲ್ಲ.

"ದಿನದ ಹಾಗೇ ನಿನ್ ದೀಪ ಹಚ್ಚಿಬಿಟ್ಟಿದ್ದೆ. ಆಮೇಲೆ ಲಾಂಚ್ ಇಲ್ಲ ಅಂತ ಸುದ್ದಿ ಬಂತು. ಹಚ್ಚಿದ್ದನ್ನ ಆರಿಸಿದ್ರೆ ಅದೂ ಬರೀತದೆ ಅಲ್ದಾ? ಹೆಸರು ಉರೀತಾ ಇದ್ದು ಕೆಲ್ಸ ಒಂದೂ ಕಾಣದಿದ್ರೆ ಯಾರಾದ್ರೂ ಕೇಳ್ತಾರೆ ಅಂತ ಲ್ಯಾಬಿನ ಚೀಟಿ ಒಂದಿಷ್ಟು ನಾನೇ ಟೈಪ್ ಹೊಡೆದೆ. ಎಂತಕ್ಕೆ? ಎಂತ ಆತು?"

ಪ್ರತಿಮಾ ಹೇಳಿದಳು. ವರದಾ ಔಷಧಿಯವಳು, ವಿಷಯ ಬಿಡಿಸಿ ಹೇಳಬೇಕಾಗಿರಲಿಲ್ಲ. ತಾಯಿಯ ರಕ್ತ ನೆಗೆಟಿವ್ ಇದ್ದು ಮಗುವಿನದು ಪಾಸಿಟಿವ್ ಆಗಿಬಿಟ್ಟರೆ ತಾಯಿಯ ಮೈ ಮಗುವಿನ ರಕ್ತಕ್ಕೇ ಶತ್ರುವಾಗಿ ನಿಲ್ಲಬಹುದು. ಅದಕ್ಕೆ ಏಳನೆಯ ತಿಂಗಳಿನಲ್ಲಿ ಒಂದು ಇಂಜೆಕ್ಷನ್, ಹೆರಿಗೆಯಾದ ಕೂಡಲೇ ಇನ್ನೊಂದು. ಕಾರ್ಡಿನಲ್ಲಿ ಪಾಸಿಟಿವ್ ಎಂದಿದ್ದರೆ ಯಾವ ಡಾಕ್ಟರೂ ಅದನ್ನು ಬರೆಯುವುದಿಲ್ಲ. ಈ ಮಗು ಪಾರಾದರೂ ಮುಂದಿನ ಮಗುವಿಗೆ ಕಂಟಕ. ವರದಾ ಅಲ್ಲೇ ಸಲೈನ್ ಡಬ್ಬದ ಮೇಲೆ ಕೂತಳು. ಗಾಬರಿಯಲ್ಲಿ ಅವಳ ಬಾಯಿಂದ ಹವ್ಯಕರ ಮನೆಮಾತೇ ಬಂತು.

"ಅಯ್ಯೋ ದೇವ್ರೇ, ಎಂಗೆ ಎಂತ ಮಾಡವು ಹೇಳೇ ಗೊತ್ತಾಗ್ತಾ ಇಲ್ಲೆ." ಸ್ವಲ್ಪ ಸುಧಾರಿಸಿಕೊಂಡು ಹೇಳಿದಳು: "ನಾನೇ ಹೋಗಿ ಹೇಳ್ತೆ ಪ್ರತಿಮಾ. ನಾನು ಮಾಡಿದ್ದು, ನಾನೇ ಹೇಳ್ತೆ."

 ಪ್ರತಿಮಾಳ ತಲೆ ಅಷ್ಟರಲ್ಲೇ ಮುಂದಕ್ಕೆ ಓಡಿತ್ತು. ವರದಾ ಹೇಳಿದರೆ ಮೊದಲ ಪ್ರಶ್ನೆ: ಔಷಧಿಯವಳಿಗೆ ಲ್ಯಾಬಿನ ವರದಿ ಮುಟ್ಟಲು ಯಾರು ಹೇಳಿದ್ದು? ಎರಡನೆಯದು: ಪ್ರತಿಮಾ ಆಗ ಎಲ್ಲಿದ್ದಳು? ಇಲ್ಲದವಳಿಗೆ ಹಾಜರಿ ಹೇಗೆ ಬಂತು? ಹಾಜರಿ ಪಟ್ಟಿ ತೆಗೆಯುವವಳು ಯಾರು? ಒಂದು ಎಳೆ ಹಿಡಿದು ಎಳೆದರೆ ಸೀರೆಯೇ ಬಿಚ್ಚಿಹೋಗುವುದು. ವರದಾ ಹೋದಾಳು, ಪ್ರತಿಮಾ ಹೋದಾಳು, ದೀಪ ಹಚ್ಚಿಸಿಕೊಂಡ ಎಲ್ಲರೂ ಹೋದಾರು. ಸುಮ್ಮನಿದ್ದರೆ ಲಿಖಿತಾಳ ಕಾರ್ಡು ಹಾಗೇ ಉಳಿಯುತ್ತದೆ. ಅಡಕತ್ತರಿಗೆ ಸಿಕ್ಕ ಅಡಿಕೆ ಎಂದು ನಾವು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಅಡಿಕೆಗೆ ಹೇಗಾಗುತ್ತದೆ ಎಂದು ಅವತ್ತು ಪ್ರತಿಮಾಳಿಗೆ ಗೊತ್ತಾಯಿತು.

ಸರ್ವರ್ ಇದ್ದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಿಂದೆ ಎಕ್ಸ್-ರೇ ಫಿಲ್ಮ್ ತೊಳೆಯುತ್ತಿದ್ದ ಕತ್ತಲೆ ಕೋಣೆ ಅದು, ಒಂದು ಕಿಟಕಿಯೂ ಇಲ್ಲ. ಮುಖ್ಯ ಪಾಸ್‌ವರ್ಡ್ ಹಾಕಿ ಲಾಗ್ ಕಡತ ತೆರೆದಳು. ಗಾಳಿಯ ದಿನ ಸಿಕ್ಕಿತು. ಪ್ರತಿಮಾ, ವರದಾಳ ಯಂತ್ರದಿಂದ, ಒಳಗೆ. ಬರೀ ಅಕ್ಷರದ ಸಾಲು. ಒಂದು ಗುಂಡಿ ಒತ್ತಿದರೆ ಅಳಿಸಿಹೋಗುವುದು. ಆ ಸಾಲು ಇಲ್ಲವಾದರೆ ಅವತ್ತು ಅವಳು ಆಸ್ಪತ್ರೆಗೆ ಬರಲೇ ಇಲ್ಲ, ತಪ್ಪು ಯಾರದ್ದೆಂದು ಹೇಳುವವರಿಲ್ಲ. ಬೆರಳು ಗುಂಡಿಯ ಮೇಲೆ ಇಟ್ಟವಳಿಗೆ ಶಿವಮೊಗ್ಗದ ನಕಲು ನೆನಪಾಯಿತು. ಅಲ್ಲಿಗೆ ಅವಳ ಕೈ ಎಟುಕುವುದಿಲ್ಲ. ಹಾಗೆ ಎಟುಕದಂತೆ ಮಾಡಿದ್ದೂ ಅವಳೇ. ಅದೂ ಅಲ್ಲದೆ, ಮುಖ್ಯ ಪಾಸ್‌ವರ್ಡ್ ಹಾಕಿ ಈಗ ಒಳಗೆ ಬಂದದ್ದನ್ನೂ ಆ ಲಾಗ್ ಬರೆದುಕೊಂಡು ಕೂತಿತ್ತು. ಕೈ ಹಿಂದೆ ತೆಗೆದಳು. ಕೆಲಸವನ್ನು ಅಷ್ಟು ಚೆನ್ನಾಗಿ ಕಲಿಯಬಾರದಿತ್ತು ಎಂದು ಜೀವನದಲ್ಲಿ ಮೊದಲ ಸಲ ಅನ್ನಿಸಿತು. ಅಳು ಬಂತು, ಅತ್ತಳು, ಮುಖ ಒರೆಸಿಕೊಂಡು ಹೊರಗೆ ಬಂದಳು.

ಹೇಡಿತನಕ್ಕೂ ಒಂದು ಅವಕಾಶ ಕೊಟ್ಟು ನೋಡಬೇಕಲ್ಲ. ಮರುದಿನ ಲಾಂಚಿನಲ್ಲಿ ಲಿಖಿತಾಳಿಗೆ ಮೆಲ್ಲಗೆ ಹೇಳಿದಳು: "ಒಂದ್ಸಲ ಹೊಸನಗರದಲ್ಲೋ ತೀರ್ಥಳ್ಳೀಲೋ ಮತ್ತೊಂದ್ಸಲ ರಕ್ತ ತೋರ್ಸ್ಕೊಂಡ್ ಬಾ. ಎರಡು ಕಡೆ ನೋಡಿದ್ರೆ ಒಳ್ಳೇದು."

ಪಕ್ಕದಲ್ಲಿದ್ದ ಬೆಳ್ಳಮ್ಮನ ಕಿವಿಗೆ ಅದು ಬಿತ್ತು. "ಎಂತಕ್ಕೆ ಮತ್ತೆ ಚುಚ್ಚಿಸ್ಕೊಳೋದು? ಇವ್ಳ ಕಾಲೇಜಿನವ್ರು ಕೈಯಲ್ಲಿ ಬರ್ದಿದ್ದು. ನೀವು ಕಂಪ್ಯೂಟರಲ್ಲಿ ತೆಗ್ದು ಕೊಟ್ಟಿದ್ದು. ಕಂಪ್ಯೂಟರ್ ಸುಳ್ಳು ಹೇಳ್ತದಾ? ಅದ್ರಲ್ಲೂ ನಮ್ ಪ್ರತಿಮಾನೇ ಕೂತ್ಕೊಂಡು ಬರ್ದಿದ್ದು!" ಎಂದು ಅಭಿಮಾನದಿಂದ ಅವಳ ಬೆನ್ನು ತಟ್ಟಿದಳು.

ಬೈದಿದ್ದರೆ ಪ್ರತಿಮಾ ತಡೆದುಕೊಳ್ಳುತ್ತಿದ್ದಳೇನೋ. ಆ ತಟ್ಟಿದ ಕೈ ತಡೆಯಲಾಗಲಿಲ್ಲ. "ಹಂಗಾದ್ರೆ ಲಿಖಿತಾನ ಈಗ್ಲೇ ನನ್ ಜೊತೆ ಕಳ್ಸಿ ಬೆಳ್ಳಮ್ಮತ್ತೆ. ನಮ್ಮಲ್ಲೇ ನೋಡೋಣ" ಎಂದುಬಿಟ್ಟಳು. 

ಲ್ಯಾಬಿನಲ್ಲಿ ಬೆರಳು ಚುಚ್ಚಿ ನೋಡಿದರು. ನೆಗೆಟಿವ್. ಇನ್ನೊಂದು ಸಲ ನೋಡಿದರು. ಅದೇ. ರಕ್ತದ ಗುಂಪಿನ ವರದಿ ತಿದ್ದಬೇಕಾದರೆ ಆ ಆಸ್ಪತ್ರೆಯಲ್ಲಿ ಒಂದು ಪದ್ಧತಿಯಿತ್ತು. ತಪ್ಪು ಟೈಪ್ ಮಾಡಿದವರು ಯಾರು, ಆ ಹೊತ್ತಿಗೆ ಯಾರ ಲಾಗಿನ್ ಇತ್ತು ಎಂದು ಲಾಗ್ ಕಡತದ ಪ್ರತಿ ಸಮೇತ ಆಡಳಿತಕ್ಕೆ ಕೊಡಬೇಕು. ಆಮೇಲೇ ಡಾಕ್ಟರು ಹೊಸ ಕಾರ್ಡಿಗೆ ಸಹಿ ಹಾಕುವುದು. ಆ ಪ್ರತಿ ತೆಗೆದುಕೊಡುವವಳು ಪ್ರತಿಮಾ. ತನ್ನ ಕುತ್ತಿಗೆಗೆ ಹಗ್ಗ ತಾನೇ ಹೊಸೆಯಬೇಕಾದ ಕೆಲಸ.

ಅವಳು ಒಂದೇ ಒಂದು ಸಾಲು ತೆಗೆದಳು. ಅದರ ಹಿಂದಿನದೂ ಇಲ್ಲ, ಮುಂದಿನದೂ ಇಲ್ಲ. ಯಂತ್ರದ ಹೆಸರನ್ನು ಹಾಜರಿ ಪಟ್ಟಿಯಲ್ಲಿ ಮಾಡುತ್ತಿದ್ದ ಹಾಗೆ ಇಲ್ಲೂ ಮರೆಮಾಡಿದಳು. ಬಾಗಿಲ ಬಳಿ ವರದಾ ಕಾಯುತ್ತಿದ್ದಳು, ಕಣ್ಣು ಕೆಂಪಾಗಿತ್ತು.

"ನಾನೂ ಬತ್ತೆ."

"ನೀನು ಬಂದ್ರೆ ಇಬ್ರೂ ಹೋಗ್ತೀವಿ. ನಾನೊಬ್ಳೇ ಹೋದ್ರೆ ಒಬ್ಳೇ ಹೋಗೋದು. ಲೆಕ್ಕ ಸುಲಭ ಇದೆ, ಸುಮ್ನಿರು."

"ನೀನು ಮಾಡದ ತಪ್ಪು ಪ್ರತಿಮಾ!"

"ನಾನು ಬರದ ದಿನ ಸಂಬಳ ತಗೊಂಡಿಲ್ವಾ?" ಎಂದಳು ಪ್ರತಿಮಾ. ವರದಾ ಬಾಗಿಲು ಬಿಟ್ಟು ಸರಿದಳು.

ಗಿರಿಧರ ಹೆಗಡೆಯವರು ಎಲೆಯಡಿಕೆಯ ಕವಳ ಬಾಯಿಗೆ ಹಾಕಿಕೊಂಡು ಕೂತಿದ್ದರು. ಪ್ರತಿಮಾ ನಿಂತೇ ಹೇಳಿದಳು: "ಸರ್, ಒಂದು ಬಸುರಿ ಹೆಂಗಸಿನ ರಕ್ತದ ಗುಂಪು ತಪ್ಪಾಗಿ ಹೋಗಿದೆ. ನಾನೇ ಟೈಪ್ ಮಾಡಿದ್ದು. ಇವತ್ತೇ ತಿದ್ದಿ, ಇಂಜೆಕ್ಷನ್ ಕೊಡಿಸ್ಬೇಕು."

ಅವರು ಹಾಳೆ ತೆಗೆದುಕೊಂಡರು. ತಾರೀಕಿನ ಮೇಲೆ ಕಣ್ಣು ನಿಂತಿತು. ಕವಳ ಅಗಿಯುವುದು ನಿಂತಿತು. ಗಾಳಿ ಬಂದ ದಿನ ಯಾರಿಗೆ ಮರೆಯುತ್ತದೆ? ಅವತ್ತು ಹೊಸನಗರದ ದಾರಿಯಲ್ಲೂ ಮರ ಬಿದ್ದು, ಅವರ ಕಾರು ತೋಟದ ಮನೆಯಿಂದ ಹೊರಡಲೇ ಇರಲಿಲ್ಲ. ಲಾಂಚು ನಿಂತಿದ್ದೂ ಅವರಿಗೆ ಗೊತ್ತು. ಇಬ್ಬರೂ ಇಲ್ಲದ ದಿನ ಇಬ್ಬರಿಗೂ ಹಾಜರಿ ಇತ್ತು. ಹಾಳೆಯಿಂದ ತಲೆಯೆತ್ತಿ ಅವಳನ್ನು ನೋಡಿದರು. ಅವಳೂ ನೋಡಿದಳು. ಅವರಿಗೆ ಗೊತ್ತು ಎಂದು ಇವಳಿಗೆ ಗೊತ್ತಾಯಿತು, ಇವಳಿಗೆ ಗೊತ್ತು ಎಂದು ಅವರಿಗೆ ಗೊತ್ತಾಯಿತು.

"ಇಷ್ಟೇಯಾ? ಇದೊಂದೇ ಸಾಲಾ?"

"ಇದೊಂದೇ ಸರ್."

"ಬೇರೆ ಸಾಲು ಯಾರಾದ್ರೂ ಕೇಳಿದ್ರೆ?"

"ತಪ್ಪು ಮಾಡಿದವ್ಳು ಒಪ್ಕೊಂಡ ಮೇಲೆ ಯಾರು ಕೇಳ್ತಾರೆ ಸರ್?"

ಅವರು ಎದ್ದು ಹೋಗಿ ಕವಳ ಉಗಿದು ಬಂದರು. ಬಂದವರ ಮುಖದಲ್ಲಿ ಸಮಾಧಾನವಿತ್ತು, ಅದನ್ನು ಮುಚ್ಚಲು ಸ್ವಲ್ಪ ಕೋಪವನ್ನೂ ತಂದುಕೊಂಡಿದ್ದರು. ಡಾಕ್ಟರಿಗೆ ತಾವೇ ಫೋನು ಮಾಡಿದರು. ಲಿಖಿತಾಳಿಗೆ ಅವತ್ತೇ ಇಂಜೆಕ್ಷನ್ ಆಯಿತು, ಹೊಸ ಕಾರ್ಡು ಬಂತು. ಆ ಮಟ್ಟಿಗೆ ಕೆಲಸ ಕೈಗೂಡಿತು. ಕೈಗೂಡಿತು ಎಂದು ಪ್ರತಿಮಾ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾಳೆ.

ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದಳು. ತೆಗೆಯಲಿಲ್ಲ. ಹೊರಗೆ ಬಿಟ್ಟ ಬಾಯಿಯನ್ನು ಕಾಯುವುದು ಕಷ್ಟ, ಒಳಗಿದ್ದರೆ ಸುಲಭ, ಅದು ಗಿರಿಧರ ಹೆಗಡೆಯವರಿಗೆ ಗೊತ್ತಿತ್ತು. ಅವಳ ಕೈಯಿಂದ ಒಂದು ತಪ್ಪೊಪ್ಪಿಗೆ ಬರೆಸಿಕೊಂಡು ತಮ್ಮ ಕಪಾಟಿನಲ್ಲಿ ಇಟ್ಟರು. ಲ್ಯಾಬಿನಿಂದಲೂ ಸರ್ವರಿನಿಂದಲೂ ಅವಳ ಹೆಸರು ತೆಗೆಸಿ, ಹೊರರೋಗಿಗಳಿಗೆ ಚೀಟಿ ಕೊಡುವ ಜಾಗಕ್ಕೆ ಹಾಕಿದರು. ಅಲ್ಲಿ ಕಂಪ್ಯೂಟರಿಲ್ಲ. ಒಂದು ದಿನ ಧೈರ್ಯ ಮಾಡಿ ರಾಜೀನಾಮೆಯ ಮಾತೆತ್ತಿದಳು. ಅವರು ಮೆತ್ತಗೆ ಹೇಳಿದರು: "ಕೊಡು, ಬೇಡ ಅನ್ನಲ್ಲ. ಆದ್ರೆ ಬೇರೆ ಆಸ್ಪತ್ರೆಯವ್ರು ನಿನ್ ಬಗ್ಗೆ ಕೇಳಿದ್ರೆ ನಾನು ಇರೋದನ್ನ ಹೇಳ್ಬೇಕಾಗ್ತದೆ, ಅಲ್ವಾ?" ಅವಳು ಮತ್ತೆ ಆ ಮಾತೆತ್ತಲಿಲ್ಲ. ವರದಾ ಮಾತ್ರ ಮೊದಲಿಗಿಂತ ಬೇಗ ಬಂದು, ಹಚ್ಚಲು ಬೇರೆ ಯಾರ ಹೆಸರೂ ಇಲ್ಲದೆ ತನ್ನದೊಂದನ್ನೇ ಹಚ್ಚಿ ಕೂರುತ್ತಾಳೆ. ಗಿರಿಧರರೂ ಈಗ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಇಬ್ಬರು ಗೆಳತಿಯರು ಊಟಕ್ಕೆ ಒಟ್ಟಿಗೆ ಕೂರುವುದು ನಿಂತಿದೆ. ಕೂತರೆ ಒಬ್ಬಳಿಗೆ ಅಳು ಬರುತ್ತದೆ, ಇನ್ನೊಬ್ಬಳಿಗೆ ಸಿಟ್ಟು ಬರುತ್ತದೆ.

ಊರಿಗೆ ಸುದ್ದಿ ಮುಟ್ಟಲು ತಡವಾಗಲಿಲ್ಲ. ಲಾಂಚಿನಲ್ಲಿ ಅವಳಿಗೆ ಜಾಗ ಬಿಡುತ್ತಿದ್ದವರು ಈಗಲೂ ಬಿಡುತ್ತಿದ್ದರು, ಆದರೆ ಸ್ವಲ್ಪ ಹೆಚ್ಚೇ ಬಿಡುತ್ತಿದ್ದರು. ಲಿಖಿತಾ ಒಬ್ಬಳೇ ಹತ್ತಿರ ಬಂದು, "ನೀವಾಗೇ ಹೇಳಿದ್ರಲ್ಲಕ್ಕಾ, ಅಷ್ಟು ಸಾಕು" ಎಂದಿದ್ದಳು. ಅವಳನ್ನು ಬೆಳ್ಳಮ್ಮ ಕೈಹಿಡಿದು ಆಚೆ ಕರೆದುಕೊಂಡಳು.

ಲಿಖಿತಾಳ ಹೆರಿಗೆ ಸುಸೂತ್ರವಾಯಿತು. ಮಗುವಿನ ರಕ್ತ ಪಾಸಿಟಿವ್ ಇತ್ತು, ಎರಡನೆಯ ಇಂಜೆಕ್ಷನನ್ನೂ ಕೊಟ್ಟರು. ಅದಾದ ಮೇಲೆ ಒಂದು ಭಾನುವಾರ ಬೆಳ್ಳಮ್ಮ ಇವರ ಅಂಗಳಕ್ಕೆ ಬಂದಳು. ಕೆರಿಯಮ್ಮ ಜಗಲಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು, ಪ್ರತಿಮಾ ಬಟ್ಟೆ ಹಿಂಡುತ್ತಿದ್ದಳು.

"ಮೊಮ್ಮಗ ಹುಟ್ಟಿದ ಕೆರಿಯಮ್ಮಾ, ಹೇಳ್ದೆ ಇದ್ರೆ ಸರಿ ಆಗಲ್ಲ ಅಂತ ಬಂದೆ. ದೇವ್ರು ದೊಡ್ಡವ್ನು. ನಿನ್ ಸೊಸೆ ಕೈಲಿ ಅನಾಹುತ ಆಗೋದಿತ್ತು, ತಪ್ತು. ನಾವು ಕಂಪ್ಯೂಟರ್ ಅಂತ ನಂಬಿದ್ವಿ. ಮುಂದೆ ಕೂತವ್ರಿಗೆ ಜ್ಞಾನ ಬೇಡ್ವಾ?"

ಕೆರಿಯಮ್ಮ ಹುಣಸೆಹಣ್ಣು ಬುಟ್ಟಿಗೆ ಹಾಕಿ ತಲೆಯೆತ್ತಿದಳು. ಇಷ್ಟು ದಿನ ಅವಳಿಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ಆಫೀಸಿನಲ್ಲಿ ಏನೋ ಆಗಿ ಜಾಗ ಬದಲಾಯಿಸಿದ್ದಾರೆ ಎಂದಷ್ಟೇ ಗೊತ್ತಿತ್ತು. "ಯಾವತ್ತು ಬರ್ದಿದ್ದಂತೆ ಅದು?" ಎಂದು ಕೇಳಿದಳು.

"ಗಾಳಿ ಬಂದು ನಮ್ ಕೊಟ್ಟಿಗೆ ಹಂಚು ಹಾರಿತ್ತಲ್ಲ, ಅವತ್ತು. ನನ್ ಮಗ, ಲಿಖಿತಾ ಹಿಂದಿನ ದಿನ್ವೇ ಸಾಗರಕ್ಕೆ ಹೋಗಿ ಉಳ್ಕೊಂಡಿದ್ರು. ಕಾರ್ಡಲ್ಲಿ ತಾರೀಕು ಇದ್ಯಲ್ಲ."

"ಗಾಳಿ ಬಂದ ದಿನಾನಾ?" ಕೆರಿಯಮ್ಮ ಕಾಲು ಕೆಳಗೆ ಬಿಟ್ಟು ಎದ್ದೇ ನಿಂತಳು. "ಅದೆಂತ ಮಾತು ಅಂತ ಆಡ್ತಿ ಬೆಳ್ಳಮ್ಮಾ? ಗಾಳಿ ಬಂದ ದಿನ ಲಾಂಚ್ ಎಲ್ಲಿ ಬಿಟ್ರು? ಇವ್ಳು ಮಧ್ಯಾಹ್ನ ಮನೇಗೆ ಬಂದ್ಳು, ನೆಂದು ತೊಪ್ಪೆ ಆಗಿದ್ಳು. ನಾನೇ ಈ ಕೈಯಲ್ಲಿ ತಲೆ ಒರ್ಸಿದೀನಿ, ಗಂಜಿ ಕೊಟ್ಟಿದೀನಿ! ನನ್ ಸೊಸೆ ಅವತ್ತು ಆಸ್ಪತ್ರೆಗೆ ಕಾಲೇ ಇಟ್ಟಿಲ್ಲ. ನಡೀ, ನಾನು ಬರ್ತೀನಿ ಸಾಗರಕ್ಕೆ. ಯಾವ ದೊಡ್ಡ ಮನುಷ್ಯ ಇವ್ಳ ಹೆಸರು ಹೇಳಿದ್ದು ಅಂತ ಕೇಳೇಬಿಡ್ತೀನಿ."

ಪ್ರತಿಮಾಳ ಕೈಯಲ್ಲಿ ಹಿಂಡಿದ ಬಟ್ಟೆ ಹಾಗೇ ಇತ್ತು. ಅಷ್ಟು ತಿಂಗಳಲ್ಲಿ ಅವಳ ಪರವಾಗಿ ಬಂದ ಮೊದಲ ಸಾಕ್ಷಿ ಅದು, ಅದೂ ಅಪ್ಪಟ ಸತ್ಯದ ಸಾಕ್ಷಿ. ಓಡಿಹೋಗಿ ಆ ಮುದುಕಿಯ ಕಾಲು ಹಿಡಿದುಕೊಳ್ಳಬೇಕು ಎನ್ನಿಸಿತು. ಬೆಳ್ಳಮ್ಮ ಇಬ್ಬರನ್ನೂ ನೋಡುತ್ತಿದ್ದಳು. ಈ ಮಾತು ನಾಳೆ ಲಾಂಚಿಗೆ, ನಾಡಿದ್ದು ಸಾಗರಕ್ಕೆ ಹೋಗುತ್ತದೆ. ಹೋದರೆ ಸಿಕ್ಕಿಬೀಳುವುದು ವರದಾ, ಇನ್ನುಳಿದವರು, ಕೊನೆಗೆ ಮತ್ತೆ ಇವಳೇ.

"ಇಲ್ಲ ಅತ್ತೆ" ಎಂದಳು. "ನೀವು ಬೇರೆ ದಿನ ಅಂದ್ಕೊಂಡಿದೀರಿ. ಅವತ್ತು ನಾನು ಹೋಗಿದ್ದೆ."

"ಹೋಗಿದ್ಯಾ? ಹೆಂಗೆ ಹೋದೆ?"

"ಗಾಳಿ ಏಳೋಕ್ ಮೊದ್ಲೇ ಒಂದು ಲಾಂಚ್ ಬಿಟ್ಟಿದ್ರು. ನಾನು ನೆಂದು ಬಂದಿದ್ದು ಇನ್ನೊಂದಿನ. ನಿಮ್ಗೆ ಮರೆತಿದೆ."

ಮುಳುಗಿಹೋದ ಊರಿನ ಒಂದೊಂದು ಗದ್ದೆಯ ಹೆಸರನ್ನೂ, ಯಾವ ಬದುವಿನ ಮೇಲೆ ಯಾವ ಮರವಿತ್ತು ಎಂಬುದನ್ನೂ ಇವತ್ತಿಗೂ ತಪ್ಪದೆ ಹೇಳುವ ಕೆರಿಯಮ್ಮ ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದಳು. ಅಲ್ಲಿ ಏನೂ ಸಿಗಲಿಲ್ಲ. ಬೆಳ್ಳಮ್ಮ, "ವಯಸ್ಸಾಯ್ತಲ್ಲ ಕೆರಿಯಮ್ಮಾ, ನಂಗೂ ಹಂಗೇ ಆಗ್ತದೆ" ಎಂದು ಸಮಾಧಾನ ಹೇಳಿದಳು.

ಕೆರಿಯಮ್ಮ ನಿಧಾನವಾಗಿ ಜಗಲಿಯ ಅಂಚು ಹಿಡಿದು ಕೂತಳು. ತನ್ನ ಎರಡೂ ಅಂಗೈಗಳನ್ನು ಮುಂದೆ ಚಾಚಿ, ಅವು ಯಾರವೋ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿದಳು.

"ಹೌದೇನೋ ತಂಗಿ" ಎಂದಳು. "ನಂಗೆ ಮರೆವು ಶುರುವಾಗಿರ್ಬೇಕು."